ನೆಂಟ ತಂತಿ

ನನ್ನ ಅಕ್ಕನಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಮೈಕಮ್ಮ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಉತ್ತರವೂ ಅದೇ ಮೈಕಿನಿಂದ ಬರುತ್ತಿತ್ತು. ಅವಳು ಅಡುಗೆಮನೆಯಲ್ಲಿ ನಿಂತು ಭಾವನನ್ನು ಊಟಕ್ಕೆ ಕರೆದರೆ ಮೂಲೆಯ ಚಹಾ ಅಂಗಡಿಯವನು ತನ್ನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ. ಆಗಷ್ಟೇ ಮಗು ಮಲಗಿಸಿದ್ದ ತಾಯಂದಿರು ಹಲ್ಲು ಕಡಿಯುತ್ತಿದ್ದರು. ಒಡಹುಟ್ಟಿದವನಾದ್ದರಿಂದ ನಾನು ಹೇಳಬಹುದು, ಅದೇನೂ ಇಂಪಾದ ದನಿಯಲ್ಲ. ತಗಡಿನ ಮೇಲೆ ಜಲ್ಲಿಕಲ್ಲು ಸುರಿದ ಹಾಗಿತ್ತು. ಆದರೆ ಆ ದನಿಯಿಲ್ಲದೆ ನಮ್ಮ ಶೆಡ್ಡಿನಿಂದ ಒಂದು ಕಾರೂ ಹೊರಗೆ ಹೋದದ್ದಿಲ್ಲ.

ಭಾವ ಕಾರುಗಳ ವೈರಿಂಗ್ ಮಾಡುವವರು. ಅದೇ ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕಾರಿನ ಸೀಟು ಹೊಲಿಯುವವನು ನಾನು. ಶೆಡ್ಡು ಎಂದರೆ ಅವರ ಮನೆಯ ಗೋಡೆಗೆ ಒರಗಿಸಿ ತಗಡು ಹೊದಿಸಿದ ಉದ್ದನೆಯ ಜಾಗ. ಒಂದು ಪಕ್ಕಕ್ಕೆ ಮನೆಯ ಗೋಡೆ, ಇನ್ನೊಂದು ಪಕ್ಕಕ್ಕೆ ರಸ್ತೆ, ತುದಿಯಲ್ಲಿ ಭಾವನ ಕೆಲಸದ ಮೇಜು. ಬಂದ ಕಾರೆಲ್ಲ ಮೂತಿಯನ್ನು ಮೇಜಿನ ಕಡೆಗೆ ಮಾಡಿಕೊಂಡೇ ನಿಲ್ಲಬೇಕು, ಅದು ಭಾವನ ಕಟ್ಟಪ್ಪಣೆ. ಹಾಗೆ ನಿಂತಾಗ ಕಾರಿನ ಎಡಭಾಗ ಮನೆಯ ಕಡೆಗೆ, ಬಲಭಾಗ ರಸ್ತೆಯ ಕಡೆಗೆ ಬರುತ್ತದೆ. ಹಾಗಾಗಿ ನಮ್ಮಲ್ಲಿ ಎಡ, ಬಲ ಎನ್ನುವ ಮಾತೇ ಬಳಕೆಯಲ್ಲಿರಲಿಲ್ಲ. ಎಡ ಎಂದರೆ ‘ಮನೆ’, ಬಲ ಎಂದರೆ ‘ರಸ್ತೆ’. ಹೊಸಬರು ಬಂದು ಕೇಳಿದರೆ ನಮಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು.

ಕೆಲಸ ಮುಗಿದ ಮೇಲೆ ಭಾವ ಮುಂದಿನ ಸೀಟಿನಲ್ಲಿ ಕೂತು ಒಂದೊಂದೇ ಸ್ವಿಚ್ಚು ಹಾಕುವರು. ಅಕ್ಕ ಕಾರಿನ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಕೂಗುವಳು. ಮನೆ ಹತ್ತಿತು. ರಸ್ತೆ ಹತ್ತಿತು. ಬ್ರೇಕು ಹತ್ತಿತು. ನಂಬರ್ ಪ್ಲೇಟು ಹತ್ತಿದೆ, ಆದರೆ ಮಂಕು, ಏನ್ರೀ ಕಣ್ಣು ಮುಚ್ಕೊಂಡು ಕಟ್ಟಿದ್ರಾ? ಇಂಜಿನ್ನು ಓಡುತ್ತಿದ್ದರೂ ಮುಂದೆ ಕೂತವರಿಗೆ ಕೇಳಬೇಕಲ್ಲ, ಅವಳ ಗಂಟಲು ಬೆಳೆದದ್ದೇ ಹಾಗೆ ಎಂದು ಭಾವ ಹೇಳುತ್ತಿದ್ದರು. ಹುಟ್ಟಿನಿಂದಲೇ ಹಾಗಿತ್ತು ಎಂದು ನಾನು ತಿದ್ದುತ್ತಿದ್ದೆ.

ಕೂಗುವುದಷ್ಟೇ ಅವಳ ಕೆಲಸವಲ್ಲ. ಕಾರಿನ ಮೈಯೊಳಗೆ ಹರಿದಾಡುವ ತಂತಿಗಳನ್ನೆಲ್ಲ ಸೇರಿಸಿ ಕಟ್ಟಿದ ಕಂತೆಗೆ ಗ್ಯಾರೇಜಿನವರು ವೈರಿಂಗ್ ಕಿಟ್ ಎನ್ನುತ್ತಾರೆ. ಅಂಗಡಿಯಲ್ಲಿ ಸಿದ್ಧ ಕಿಟ್ ಸಿಗುತ್ತದೆ. ಭಾವ ಅದನ್ನು ಮುಟ್ಟುತ್ತಿರಲಿಲ್ಲ. ಒಂದು ಉದ್ದ ಹಲಗೆಯ ಮೇಲೆ ಆ ಕಾರಿನ ತಂತಿಗಳ ದಾರಿಯನ್ನು ಸೀಮೆಸುಣ್ಣದಲ್ಲಿ ಬರೆದು, ದಾರಿ ತಿರುಗುವಲ್ಲೆಲ್ಲ ಮೊಳೆ ಹೊಡೆಯುವರು. ಅಕ್ಕ ಆ ಮೊಳೆಗಳ ನಡುವೆ ಒಂದೊಂದೇ ಬಣ್ಣದ ತಂತಿ ಹಾಸಿಕೊಂಡು ಹೋಗಿ, ಮೇಣ ಹಚ್ಚಿದ ದಾರದಿಂದ ಬೆರಳಗಲಕ್ಕೊಂದು ಗಂಟು ಹಾಕುವಳು. ಪೂರ್ತಿಯಾದ ಮೇಲೆ ಹಲಗೆಯಿಂದ ಎತ್ತಿದರೆ ಬೇರುಸಮೇತ ಕಿತ್ತ ಗಿಡದ ಹಾಗೆ ಇಡೀ ಕಿಟ್ಟು ಕೈಗೆ ಬರುತ್ತಿತ್ತು. ಯಾವ ಕಾರಿನ ಹಲಗೆಯನ್ನೂ ಎಸೆಯಲಿಲ್ಲ. ಮನೆಯ ಗೋಡೆಗುಂಟ ಅವು ಸಾಲಾಗಿ ಒರಗಿಕೊಂಡಿರುತ್ತಿದ್ದವು, ನಡುಮನೆಯ ಬಾಗಿಲಿಗೂ ಅಡ್ಡ ಬರುತ್ತಿದ್ದವು. ಅವುಗಳ ಮೊಳೆಗೆ ಸಿಕ್ಕಿ ನನ್ನ ಅದೆಷ್ಟು ಅಂಗಿ ಹರಿದಿದೆಯೋ.

ಆ ಕಿಟ್ಟುಗಳಲ್ಲಿ ಬೇರೆ ಯಾರ ಕಿಟ್ಟಿನಲ್ಲೂ ಇರದ ಒಂದು ತಂತಿ ಇರುತ್ತಿತ್ತು. ಬಿಳಿಯದು. ಕಾರಿನ ಮೂತಿಯಿಂದ ಬಾಲದವರೆಗೆ ಸುಮ್ಮನೆ ಹೋಗುವುದು, ಎರಡು ತುದಿಯೂ ಯಾವುದಕ್ಕೂ ತಗಲದೆ ಸುತ್ತಿ ಕಟ್ಟಿರುವುದು. ಮದುವೆಯಾದ ಹೊಸದರಲ್ಲಿ ಭಾವ ಒಂದು ಕಾರು ಮುಗಿಸಿ ಕೊಟ್ಟಿದ್ದರಂತೆ. ಮಾರನೆಯ ವಾರವೇ ಮಾಲೀಕ ಬಂದು ಹಿಂದೆ ಇನ್ನೊಂದು ದೀಪ ಬೇಕು ಎಂದ. ಹೊಲಿದ ಹಾಸು, ಹಾಸಿನ ಕೆಳಗಿನ ತಗಡು ಎಲ್ಲ ಬಿಚ್ಚಬೇಕಾಯಿತು. ಆಗ ಅಕ್ಕ, ನೆಂಟರು ಯಾವಾಗ ಬೇಕಾದರೂ ಬರಬಹುದು ಅಂತ ಅಡುಗೆಗೆ ಒಂದು ಹಿಡಿ ಹೆಚ್ಚು ಹಾಕುವುದಿಲ್ಲವೇ, ಹಾಗೆ ತಂತಿಯನ್ನೂ ಒಂದು ಹೆಚ್ಚಿಗೆ ಹಾಕಿ ಎಂದಳಂತೆ. ಅಂದಿನಿಂದ ಆ ಬಿಳಿ ತಂತಿಗೆ ನೆಂಟ ಎಂದೇ ಹೆಸರು. ಬಹುಪಾಲು ಕಾರುಗಳಲ್ಲಿ ನೆಂಟ ಉಣ್ಣದೆ, ಉಡದೆ, ಯಾರಿಗೂ ಕಾಣದೆ ಮಲಗಿಯೇ ಇರುತ್ತಾನೆ. ಇದು ದಂಡ ಅಲ್ಲವೇ ಎಂದು ನಾನು ಕೇಳಿದಾಗಲೆಲ್ಲ ಅಕ್ಕ, ನೀನೂ ಹಾಗೇ ಅಲ್ಲವೇನೋ ಎನ್ನುತ್ತಿದ್ದಳು.

ಆಮೇಲೆ ಅಕ್ಕನ ಗಂಟಲಲ್ಲಿ ಕೆಟ್ಟ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು, ದನಿ ಹೋಯಿತು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ಸಣ್ಣ ರಂಧ್ರ ಮಾಡಿ ಕಳಿಸಿದರು. ಅದರೊಳಗೆ ಧೂಳು ಹೋಗದಂತೆ ಮೇಲೊಂದು ತೆಳುಬಟ್ಟೆ ಕಟ್ಟಿಕೊಂಡಿರಬೇಕು. ಆ ಬಟ್ಟೆ ಹೊಲಿಯುವವನು ನಾನು. ಜೀವನವಿಡೀ ದಪ್ಪ ರೆಕ್ಸಿನ್ನು ಹೊಲಿದ ಕೈ, ಅಂಗೈಯಗಲದ ಮೆತ್ತನೆ ಹತ್ತಿಬಟ್ಟೆಗೆ ಅಂಚು ಹೊಲಿಯುವುದನ್ನು ಹೊಸದಾಗಿ ಕಲಿಯಬೇಕಾಯಿತು. ಪ್ರತಿ ಸೀರೆಗೂ ಹೊಂದುವ ಬಣ್ಣದ್ದು ಬೇಕೆಂದು ಅವಳು ಕೈಸನ್ನೆಯಲ್ಲೇ ನನ್ನ ಜೀವ ತಿಂದಳು. ಆಗ ನನಗೆ ಸ್ವಲ್ಪ ಸಮಾಧಾನವಾಯಿತು, ನಮ್ಮ ಅಕ್ಕ ನಮ್ಮ ಅಕ್ಕನಾಗಿಯೇ ಉಳಿದಿದ್ದಾಳೆ ಎಂದು.

ನೋಡಲು ಬಂದವರಲ್ಲಿ ಒಬ್ಬರು ಮಾತು ಬೆಳ್ಳಿ, ಮೌನ ಬಂಗಾರ ಎಂದು ಸಮಾಧಾನ ಹೇಳಿದರು. ನನ್ನ ಮೈಯೆಲ್ಲ ಉರಿಯಿತು. ಬಂಗಾರ ಬೇಕಾದವರು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲಿ, ನಮಗೆ ಆ ಒರಟು ಬೆಳ್ಳಿಯೇ ಸಾಕಿತ್ತು.

ಅಕ್ಕ ಬೇಗ ಚೇತರಿಸಿಕೊಂಡಳು. ಚೇತರಿಸಿಕೊಳ್ಳದೆ ಹೋದವರು ಭಾವ. ಊಟಕ್ಕೆ ಕರೆಯಲು ಅವಳು ಲೋಟದ ಮೇಲೆ ಚಮಚ ಬಡಿಯುತ್ತಿದ್ದಳು. ಆ ಟಿಣ್ ಟಿಣ್ ಕಿವಿಗೆ ಬಿದ್ದರೆ ಸಾಕು, ಭಾವನ ಮುಖ ಸಣ್ಣದಾಗುತ್ತಿತ್ತು. ಎರಡನೆಯ ಸಲ ಬಡಿಯದಿರಲಿ ಎಂದು ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದರು. ಶೆಡ್ಡಿನಲ್ಲಿ ದೊಡ್ಡ ಕೆಲಸ ಹಿಡಿಯುವುದನ್ನೇ ನಿಲ್ಲಿಸಿದರು. ಬಲ್ಬು ಬದಲಿಸುವುದು, ಬ್ಯಾಟರಿಯ ತುದಿ ಉಜ್ಜಿ ಕೊಡುವುದು, ಅಷ್ಟೇ. ಪೂರ್ತಿ ವೈರಿಂಗ್ ಎಂದು ಯಾರಾದರೂ ಬಂದರೆ ಕಣ್ಣು ಮಂಜು ಎಂದರು, ಸೊಂಟ ನೋವು ಎಂದರು, ತಂತಿಯ ಗುಣಮಟ್ಟ ಮೊದಲಿನ ಹಾಗಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ದಿನ ನೋಡಿದರೆ ಹಲಗೆಗಳನ್ನೆಲ್ಲ ಮೊಳೆಯ ಮುಖ ಗೋಡೆಗೆ ಮಾಡಿ ತಿರುಗಿಸಿಟ್ಟಿದ್ದರು.

ಒಮ್ಮೆ ನಾನೇ ಹಿಂದೆ ನಿಂತು ಕೂಗುತ್ತೇನೆ ಎಂದು ಹೇಳಿ ನೋಡಿದೆ. ಒಂದು ಸಣ್ಣ ವ್ಯಾನು. ನಾನು ಹತ್ತಿತು, ಹತ್ತಿತು ಎಂದು ಕೂಗಿದೆ. ಭಾವ ಪ್ರತಿ ಸಲವೂ ಇಳಿದು ಬಂದು ಕಣ್ಣಾರೆ ನೋಡಿ ಹೋದರು. ನನ್ನ ಮೇಲೆ ಅಪನಂಬಿಕೆಯಿಂದಲ್ಲ ಎಂದು ಈಗ ತಿಳಿಯುತ್ತದೆ. ಆಗ ಮಾತ್ರ ನನಗೂ ಸಿಟ್ಟು ಬಂತು, ಇನ್ನು ಮೇಲೆ ಕರೆಯಬೇಡಿ ಎಂದೆ. ಅವರು ಕರೆಯಲಿಲ್ಲ. ಅದರ ಬದಲು, ನಿನ್ನ ಯಂತ್ರಕ್ಕೆ ಬೇರೆ ಕಡೆ ಜಾಗ ಸಿಗುತ್ತದೆಯೇ ನೋಡು, ಈ ಶೆಡ್ಡು ಮುಚ್ಚಿಬಿಡೋಣ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವ ಮನುಷ್ಯ ಇಷ್ಟು ನೇರವಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕನಿಗೆ ಹೇಳಬೇಡ ಎಂದೂ ಹೇಳಿದರು. ನಾನು ಹೇಳಲಿಲ್ಲ. ಅಕ್ಕ ಬಾಗಿಲ ಹಿಂದೆಯೇ ನಿಂತಿದ್ದಳು.

ಹಲ್ಲಿನ ಡಾಕ್ಟರು ಬಂದದ್ದು ಅದೇ ಸಮಯಕ್ಕೆ. ಕಾಲೇಜಿಗೆ ಹೋಗುವಾಗ ದಾರಿಯಲ್ಲಿ ದಿನಾ ಒಂದು ಕಾರು ನಿಂತಿರುತ್ತಿತ್ತಂತೆ. ಕೆನೆ ಬಣ್ಣದ್ದು, ದುಂಡು ಬೆನ್ನಿನದು. ಅಂಥದೇ ಬೇಕೆಂಬ ಆಸೆಯನ್ನು ತಲೆ ನರೆಯುವವರೆಗೂ ಹೊಟ್ಟೆಯಲ್ಲಿಟ್ಟುಕೊಂಡು, ಕೊನೆಗೆ ಒಂದು ಗುಜರಿಯಲ್ಲಿ ಅದರ ಅಸ್ಥಿಪಂಜರ ಕಂಡು ಕೊಂಡುಕೊಂಡಿದ್ದರು. ಇಂಜಿನ್ನು, ಬಣ್ಣ ಎಲ್ಲ ಬೇರೆ ಕಡೆ ಮುಗಿದಿತ್ತು. ಸೀಟಿಗೆ ಇಲ್ಲಿ ಬಿಟ್ಟರು, ಅಂದರೆ ನನ್ನ ಹತ್ತಿರ. ವೈರಿಂಗನ್ನು ಭಾವನೇ ಮಾಡಬೇಕೆಂಬುದು ಅವರ ಮನಸ್ಸಿನಲ್ಲಿತ್ತು, ಭಾವನ ಮನಸ್ಸಿನಲ್ಲಿರಲಿಲ್ಲ. ಕಾರನ್ನು ಎಳೆದು ತಂದ ಲಾರಿಯವನು ಅವಸರದಲ್ಲಿ ಬಾಲವನ್ನೇ ಮೊದಲು ಒಳಗೆ ನೂಕಿ ಹೊರಟುಹೋದ. ಬಾಲ ಮೇಜಿನ ಕಡೆಗೆ, ಮೂತಿ ಹೊರಗೆ. ಮೊದಲಾಗಿದ್ದರೆ ಭಾವ ಅವನನ್ನು ವಾಪಸು ಕರೆಸಿ ಸರಿ ಮಾಡಿಸುತ್ತಿದ್ದರು. ಈಗ ಇರಲಿ ಬಿಡು ಎಂದರು. ಹಿಂದಿನ ಸೀಟು ನನ್ನ ಯಂತ್ರದ ಹತ್ತಿರಕ್ಕೇ ಬಂತಲ್ಲ ಎಂದು ನಾನೂ ಸುಮ್ಮನಾದೆ.

ಡಾಕ್ಟರು ಎಲ್ಲ ಓದಿ ತಿಳಿದುಕೊಂಡೇ ಬಂದಿದ್ದರು. ಚೀಲದಿಂದ ಎರಡು ತುಂಡು ತಂತಿ ತೆಗೆದು ಮೇಜಿನ ಮೇಲಿಟ್ಟರು. ಒಂದು ಹಳೆಯ ಕಾಲದ ಹಾಗೆ ಹತ್ತಿನೂಲಿನ ಹೆಣಿಗೆ ಹೊದ್ದದ್ದು, ನೋಡಲು ಚಂದ. ಇನ್ನೊಂದು ಈಗಿನ ಪ್ಲಾಸ್ಟಿಕ್ಕಿನದು, ನುಣುಪು. ಜೊತೆಗೆ ಹೊರದೇಶದಲ್ಲಿ ಈ ಕಾರಿಗೆಂದೇ ಮಾಡುವ ಸಿದ್ಧ ಕಿಟ್ಟಿನ ಚಿತ್ರ. ಹತ್ತಿಯದು ನೀರು ಕುಡಿಯುತ್ತದೆ ಅಂತಾರೆ, ಪ್ಲಾಸ್ಟಿಕ್ಕಿನದು ಹಳೆಯ ಕಾರಿನಲ್ಲಿ ಎದ್ದು ಕಾಣುತ್ತದೆ ಅಂತಾರೆ, ಸಿದ್ಧ ಕಿಟ್ಟು ಹೇಗೋ ಗೊತ್ತಿಲ್ಲ, ನೀವೇ ಹೇಳಿ ಎಂದು ಕೈಕಟ್ಟಿ ನಿಂತರು.

ಈ ಪ್ರಶ್ನೆಗೆ ಭಾವನ ಉತ್ತರ ನನಗೆ ಬಾಯಿಪಾಠ. ಒಳಗೆ ಈಗಿನ ಗಟ್ಟಿ ತಂತಿ ಹಾಕಿ, ಕಣ್ಣಿಗೆ ಬೀಳುವಷ್ಟು ಜಾಗಕ್ಕೆ ಮಾತ್ರ ಮೇಲೆ ಹತ್ತಿಯ ಹೊದಿಕೆ ತೊಡಿಸಬೇಕು. ದೊಡ್ಡ ದೀಪಗಳಿಗೆ ಹಳೆಯ ಲೆಕ್ಕಕ್ಕಿಂತ ಒಂದು ಸುತ್ತು ದಪ್ಪ ತಂತಿ ಬೇಕು, ಇಲ್ಲದಿದ್ದರೆ ಬೆಳಕು ದಾರಿಯಲ್ಲೇ ಬಳಲುತ್ತದೆ. ಸಿದ್ಧ ಕಿಟ್ಟು ಸಿದ್ಧ ಅಂಗಿಯ ಹಾಗೆ, ಗುಂಡಿಯೇನೋ ಹಾಕಬಹುದು, ಕೈ ಎತ್ತಲು ಆಗುವುದಿಲ್ಲ. ಕಾರಿಗೆ ವಯಸ್ಸಾಗುತ್ತ ಒಬ್ಬರು ಹಾರ್ನು ಸರಿಸಿರುತ್ತಾರೆ, ಇನ್ನೊಬ್ಬರು ಫ್ಯೂಸಿನ ಪೆಟ್ಟಿಗೆ ಸರಿಸಿರುತ್ತಾರೆ, ಕಾಗದದ ಮೇಲಿನ ಕಾರಿಗೆ ಅದ್ಯಾವುದೂ ಗೊತ್ತಿರುವುದಿಲ್ಲ. ಇಷ್ಟು ಹೇಳಲು ಅವರಿಗೆ ಮೊದಲು ಎರಡು ಲೋಟ ಚಹಾ ಬೇಕಾಗುತ್ತಿತ್ತು. ನಾನು ಸೂಜಿಗೆ ದಾರ ಪೋಣಿಸುತ್ತ ಕಾದೆ.

ಭಾವ ಚಿತ್ರವನ್ನು ನೋಡಿದ ಹಾಗೆ ಮಾಡಿ, “ರೆಡಿ ಕಿಟ್ಟೇ ತರಿಸಿ ಸಾರ್. ಯಾರು ಬೇಕಾದ್ರೂ ಕೂರಿಸ್ತಾರೆ,” ಎಂದರು.

ನನ್ನ ಸೂಜಿ ಕೆಳಗೆ ಬಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳ ಮುಖ ನೋಡಿದೆ. ಆಪರೇಷನ್ನಿಗೆ ಕರೆದೊಯ್ಯುವ ದಿನವೂ ಆ ಮುಖ ಹಾಗಾಗಿರಲಿಲ್ಲ. ಅವಳಿಗೆ ಅರ್ಥವಾದದ್ದು ಕಿಟ್ಟಿನ ವಿಷಯವಲ್ಲ. ಯಾರು ಬೇಕಾದರೂ ಮಾಡುವ ಕೆಲಸವಾದರೆ ಅವಳಿಗೆ ಇನ್ನು ಶೆಡ್ಡಿನಲ್ಲಿ ಏನೂ ಇಲ್ಲ, ಶೆಡ್ಡಿಗೂ ಇನ್ನು ಏನೂ ಇಲ್ಲ.

ಡಾಕ್ಟರು ತಲೆಯೆತ್ತಿ ಅವಳನ್ನು ನೋಡಿದರು. ಅವಳ ಕುತ್ತಿಗೆಯ ಬಟ್ಟೆಯನ್ನೂ ನೋಡಿದರು. ಎಲ್ಲರೂ ಆಮೇಲೆ ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ, ಇಲ್ಲವೇ ಕಿವುಡರೊಂದಿಗೆ ಮಾತಾಡುವಂತೆ ಜೋರಾಗಿ ಮಾತಾಡುತ್ತಾರೆ. ಇವರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು ಕೂತು ಆರಾಮಾಗಿ ಮಾತಿಗಿಳಿದರು.

“ಅಮ್ಮಾ, ನಾನು ದಿನಾ ಜನರ ಬಾಯಿ ತುಂಬ ಹತ್ತಿ ತುರುಕಿ ಅವರ ಜೊತೆ ಹರಟೆ ಹೊಡೆಯೋನು. ಅವರು ಬೆರಳಲ್ಲೇ ಉತ್ತರ ಕೊಡ್ತಾರೆ. ಹೌದು ಅಂದ್ರೆ ಒಂದು, ಅಲ್ಲ ಅಂದ್ರೆ ಎರಡು. ಈಗ ಹೇಳಿ, ರೆಡಿ ಕಿಟ್ಟು ನಿಮಗೂ ಸರಿ ಅನ್ಸುತ್ತಾ?”

ಅಕ್ಕ ಎರಡು ಬೆರಳು ಎತ್ತಿದಳು. ಎತ್ತಿದ್ದನ್ನು ಮುಂದಿನ ಪ್ರಶ್ನೆಯವರೆಗೂ ಇಳಿಸಲಿಲ್ಲ.

ನೀವೇ ಕಟ್ಟಿಕೊಡುತ್ತೀರಾ ಎಂದು ಕೇಳಿದರು. ಒಂದು ಬೆರಳು. ಹತ್ತಿಯದೇ ಎಂದರು. ಎರಡು. ಪ್ಲಾಸ್ಟಿಕ್ಕಿನದೇ ಎಂದರು. ಎರಡು. ಡಾಕ್ಟರು ತಲೆ ಕೆರೆದುಕೊಂಡು, ಒಳಗೆ ಅದು, ಮೇಲೆ ಇದು ಎಂದರು. ಒಂದು ಬೆರಳು ಎಷ್ಟು ಜೋರಾಗಿ ಮೇಲೆದ್ದಿತೆಂದರೆ ಬಳೆ ಮೊಣಕೈವರೆಗೆ ಜಾರಿತು. ಭಾವ ನಡುವೆ ಬಾಯಿ ಹಾಕಿ, ಅವಳಿಗೆ ಧೂಳು ಆಗುವುದಿಲ್ಲ ಎಂದರು. ಧೂಳು ಒಳಗೆ ಹೋಗಬಾರದು ನಿಜ, ಒಳ್ಳೆಯ ಬಟ್ಟೆ ಕಟ್ಟಿಕೊಂಡು ಕೂತರೆ ಏನೂ ಆಗುವುದಿಲ್ಲ ಎಂದು ಡಾಕ್ಟರು ನನ್ನ ಹೊಲಿಗೆಯನ್ನು ಹತ್ತಿರದಿಂದ ನೋಡಿ ಹೊಗಳಿದರು. ನನಗೆ ಆ ಮನುಷ್ಯನ ಮೇಲೆ ಅವತ್ತೇ ಪ್ರೀತಿ ಹುಟ್ಟಿತು. ಅವರಿಬ್ಬರೂ ಬೆರಳಲ್ಲೇ ಹರಟುತ್ತ ಕೂತರು. ಭಾವ ಒಂದು ಮೂಲೆಯಲ್ಲಿ ನಿಂತು, ಅಕ್ಕ ನಗುವುದನ್ನು ಬೇರೆಯವರ ಮನೆಯ ಕಿಟಕಿಯಲ್ಲಿ ನೋಡುವವರ ಹಾಗೆ ನೋಡುತ್ತಿದ್ದರು.

ಡಾಕ್ಟರು ಹೋದ ಮೇಲೆ ಅಕ್ಕ ಹೊಸ ಹಲಗೆಯೊಂದನ್ನು ತಾನೇ ಎಳೆದು ತಂದು ಮೇಜಿನ ಮೇಲೆ ಹಾಕಿದಳು. ಕಾರಿನಿಂದ ಕಿತ್ತ ಹಳೆಯ ಕಿಟ್ಟು ಮೂಲೆಯಲ್ಲಿ ಬಿದ್ದಿತ್ತು. ಇಲಿ ಕಡಿದದ್ದು, ಅಲ್ಲಲ್ಲಿ ಸುಟ್ಟದ್ದು, ಯಾರೋ ಬೇಕಾಬಿಟ್ಟಿ ಗಂಟು ಹಾಕಿದ್ದು. ಅದನ್ನು ತಂದು ಹಲಗೆಯ ಮೇಲೆ ಹಾಸಿ, ಸೀಮೆಸುಣ್ಣ ಹಿಡಿದು ಭಾವನ ಕಡೆ ಚಾಚಿದಳು. ಭಾವ ತೆಗೆದುಕೊಳ್ಳಲಿಲ್ಲ. ಅವಳು ಚಾಚಿದ ಕೈಯನ್ನು ಹಿಂದೆ ತೆಗೆಯಲಿಲ್ಲ. ಎದ್ದು ಹೋಗೋಣವೆಂದರೆ ನನ್ನ ದಾರಿಗೆ ಅವರಿಬ್ಬರೂ ಅಡ್ಡ ನಿಂತಿದ್ದರು.

“ಕಟ್ತೀವಿ ಕಣೇ. ಕಟ್ಟೋದೇನು ದೊಡ್ಡದು,” ಎಂದರು ಭಾವ. “ಎಲ್ಲ ಕೂರಿಸಿ ಆದ್ಮೇಲೆ ಮುಂದೆ ಕೂತು ಸ್ವಿಚ್ ಹಾಕ್ತೀನಿ. ಹಿಂದಿನಿಂದ ನಿನ್ನ ದನಿ ಬರಲ್ಲ. ಅದನ್ನ ನಾನು ಹ್ಯಾಗೆ ತಡ್ಕೊಳ್ಳಲಿ, ನೀನೇ ಹೇಳು.”

ಆಪರೇಷನ್ ಆದ ಮೇಲೆ ಅವರು ಆ ಮಾತು ಆಡಿದ್ದು ಅದೇ ಮೊದಲು. ಅಕ್ಕನ ಕಣ್ಣಲ್ಲಿ ನೀರು ಬಂತು. ನೀರಿನ ಜೊತೆಗೇ ಸಿಟ್ಟೂ ಬಂತು, ಅದು ಅವಳ ಗುಣ. ಸೀಮೆಸುಣ್ಣವನ್ನು ಅವರ ಅಂಗಿಯ ಜೇಬಿಗೆ ತುರುಕಿ, ಸುತ್ತಿಗೆ ತೆಗೆದುಕೊಂಡು ಮೊದಲ ಮೊಳೆಯನ್ನು ಅವಳೇ ಹೊಡೆದಳು. ಎರಡನೆಯದು ಸೊಟ್ಟಗಾಯಿತು. ಸೊಟ್ಟ ಮೊಳೆ ಕಂಡರೆ ಭಾವನಿಗೆ ತಡೆಯದು. ಸುತ್ತಿಗೆಯನ್ನು ಕಿತ್ತುಕೊಂಡು ಮೂರನೆಯದನ್ನು ತಾವು ಹೊಡೆದರು.

ಆಮೇಲಿನ ದಿನಗಳು ಚೆನ್ನಾಗಿದ್ದವು. ಮೇಜಿನ ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ಅವರು. ಅವಳು ಕೈ ಚಾಚಿದರೆ ಬೇಕಾದ ಬಣ್ಣದ ತಂತಿ ಅವರ ಕೈಯಿಂದ ಬರುತ್ತಿತ್ತು, ಕೇಳುವ ಅಗತ್ಯವೇ ಇರಲಿಲ್ಲ. ಕೇಳಲು ಆಗುತ್ತಿದ್ದ ಕಾಲದಲ್ಲೂ ಅವಳು ತಂತಿ ಬೇಕೆಂದು ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿಲ್ಲ. ಆಗ ಅವಳ ಬಾಯಿ ಬೇರೆಯವರ ಸುದ್ದಿಯಲ್ಲಿ ತೊಡಗಿರುತ್ತಿತ್ತು. ಮೇಣದ ದಾರ ಎಳೆದಾಗ ಬರುವ ಸಣ್ಣ ಕಿರ್ ಸದ್ದು ಮತ್ತೆ ಶೆಡ್ಡಿನಲ್ಲಿ ಕೇಳಿಸಿತು. ಭಾವ ಪ್ರತಿ ತಂತಿಯ ತುದಿಗೂ ಬಿಳಿ ಪಟ್ಟಿ ಅಂಟಿಸಿ ಎಂದಿನ ಹಾಗೆ ಬರೆದರು, ಮನೆ, ರಸ್ತೆ, ಬ್ರೇಕು. ಕೊನೆಯಲ್ಲಿ ಅಕ್ಕ ಬಿಳಿ ತಂತಿಯ ಸುರುಳಿ ಬಿಚ್ಚಿ ನೆಂಟನನ್ನು ಮಲಗಿಸಿದಳು. ಭಾವ ಆ ತಂತಿಯನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸವರುತ್ತ ಹೋದರು, ಮತ್ತೆ ಮೊದಲಿಗೆ ಬಂದರು. ಆಮೇಲೆ ಡಾಕ್ಟರು ಹೇಳಿಕೊಟ್ಟ ಹಾಗೆ ಒಂದು ಬೆರಳು ಎತ್ತಿ, ತಾವೇ ಅದನ್ನು ನೋಡಿಕೊಂಡು, ಇಳಿಸಿದರು. ವಯಸ್ಸಾಯಿತು ಪಾಪ ಅಂದುಕೊಂಡೆ.

ಕಿಟ್ಟು ಕೂರಿಸುವ ವಾರ ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ಮನೆಯ ಮುಂಬಾಗಿಲಲ್ಲಿ ಕರೆಗಂಟೆಯ ಗುಂಡಿಯೇ ಇಲ್ಲ. ಗೋಡೆಯಿಂದ ಎರಡು ತಂತಿ ನಾಲಿಗೆ ಚಾಚಿಕೊಂಡಿವೆ. ಬಾಗಿಲು ಬಡಿದು ಬಡಿದು ಕೈ ನೋವಾಯಿತು. ವೈರಿಂಗಿನವರ ಮನೆಯ ಗಂಟೆಗೇ ಗತಿಯಿಲ್ಲವೇ ಎಂದು ಗೊಣಗಿದರೆ ಭಾವ ಕೇಳಿಸದವರ ಹಾಗೆ ಕಾರಿನ ಬಾಲದ ಕೆಳಗೆ ನುಸುಳಿದರು.

ಪರೀಕ್ಷೆಯ ಸಂಜೆ ಡಾಕ್ಟರು ಬಂದರು. ಚಹಾ ಅಂಗಡಿಯವನು ಯಾವ ನೆಪವೂ ಇಲ್ಲದೆ ಬಂದು ನಿಂತ. ಭಾವ ಅಕ್ಕನ ಕೈ ಹಿಡಿದು ಕರೆತಂದು ಕಾರಿನ ಹಿಂದೆ, ಅಂದರೆ ಮೇಜಿನ ಪಕ್ಕ, ನಿಲ್ಲಿಸಿದರು. ಬಾಲದ ಕೆಳಗಿನಿಂದ ಬಿಳಿ ತಂತಿಯ ತುದಿಯನ್ನು ಎಳೆದರು. ತುದಿಯಲ್ಲಿ ನಮ್ಮ ಮುಂಬಾಗಿಲ ಗುಂಡಿ. ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಹತ್ತಿದ್ರೆ ಒಂದು ಸಲ ಒತ್ತು. ಹತ್ತದಿದ್ರೆ ಎರಡು,” ಎಂದು ಹೇಳಿ, ಅವಳ ಮುಖ ನೋಡಲು ಧೈರ್ಯವಿಲ್ಲದೆ ಬೇಗಬೇಗ ಮುಂದೆ ಹೋಗಿ ಕೂತರು.

ಮೊದಲು ಬ್ರೇಕು. ಕೆಂಪು ದೀಪ ಹತ್ತಿತು. ಅಕ್ಕ ಕೈಯಲ್ಲಿದ್ದ ಗುಂಡಿಯನ್ನು ನೋಡಿದಳು, ಒತ್ತಿದಳು.

ಕಾರಿನ ಹಾರ್ನು ಕೂಗಿತು. ಹಳೆಯ ಕಾಲದ ಹಾರ್ನು, ಕೊರಳು ಕಟ್ಟಿದ ದನಿ, ಶೆಡ್ಡಿನ ತಗಡೆಲ್ಲ ಝಲ್ಲೆಂದಿತು. ಅಕ್ಕ ಬೆಚ್ಚಿಬಿದ್ದು ಗುಂಡಿ ಬಿಟ್ಟಳು. ಚಹಾ ಅಂಗಡಿಯವನು ಅಭ್ಯಾಸಬಲದಿಂದ ಕೈಗಡಿಯಾರ ನೋಡಿದ. ಏನಾಯಿತೆಂದು ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಆ ಕೈಯನ್ನು ಅಲ್ಲಿಯೇ ಇಟ್ಟುಕೊಂಡಳು. ಎಷ್ಟೋ ದಿನವಾಗಿತ್ತು ಆ ಭಂಗಿ ನೋಡಿ. ನಾನು ಮುಖ ತಿರುಗಿಸಿಕೊಂಡು ಯಂತ್ರಕ್ಕೆ ಎಣ್ಣೆ ಬಿಟ್ಟೆ. ಅದಕ್ಕೆ ಎಣ್ಣೆ ಬೇಕಾಗಿರಲಿಲ್ಲ.

ಭಾವ ಮುಂದಿನಿಂದ ಕೂಗಿದರು, ನಂಬರ್ ಪ್ಲೇಟು. ಒಂದು ಹಾರ್ನು. ಹಿಂದಿನ ದೀಪ. ಒಂದು ಹಾರ್ನು. ಪ್ರತಿ ಸಲವೂ ಅವಳ ಬೆರಳು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದವು. ಎದುರು ಮನೆಯಾಕೆ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದು, ಬೈಯಲೆಂದು ಬಾಯಿ ತೆರೆದವಳು ಅಕ್ಕನನ್ನು ಕಂಡು ಹಾಗೆಯೇ ನಿಂತಳು.

ಕೊನೆಗೆ ತಿರುವು ತೋರಿಸುವ ಇಂಡಿಕೇಟರು ದೀಪಗಳು. ಭಾವ “ಮನೆ” ಎಂದು ಕೂಗಿ ಸ್ವಿಚ್ಚು ತಿರುಗಿಸಿದರು. ಮನೆಯ ಗೋಡೆಯ ಕಡೆಯ ದೀಪ ಮಿಣುಕತೊಡಗಿತು. ಸರಿಯಾಗಿಯೇ ಇದೆ ಎಂದುಕೊಂಡೆ ನಾನು. ಹಾರ್ನು ಬರಲಿಲ್ಲ. ಅಕ್ಕ ದೀಪವನ್ನು ನೋಡಿದಳು, ಗೋಡೆಯನ್ನು ನೋಡಿದಳು, ಪಕ್ಕದಲ್ಲಿದ್ದ ಮೇಜನ್ನು ನೋಡಿದಳು. ಆಮೇಲೆ ಒತ್ತಿದಳು. ಒಂದೂ ಅಲ್ಲ, ಎರಡೂ ಅಲ್ಲ. ಉದ್ದಕ್ಕೆ ಒತ್ತಿ ಹಿಡಿದೇ ಇದ್ದಳು.

ಭಾವ ತಲೆ ಹೊರಗೆ ಹಾಕಿ, “ಹತ್ತಿಲ್ವಾ?” ಎಂದರು.

ಒಂದು ಹಾರ್ನು. ಹತ್ತಿದೆ.

“ಮಂಕಾ?”

ಎರಡು. ಮಂಕಿಲ್ಲ.

“ಮತ್ತೇನೇ ನಿಂದು?”

ಆಗ ಬಂತು ನೋಡಿ. ಉದ್ದ, ಗಿಡ್ಡ, ಮತ್ತೆ ಉದ್ದ, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದ ಹಾಗೆ. ಅದರಲ್ಲಿ ಒಂದಕ್ಷರವೂ ಇರಲಿಲ್ಲ, ಆದರೂ ಬೀದಿಯಲ್ಲಿ ನಿಂತವರಿಗೆಲ್ಲ ಪೂರ್ತಿ ಅರ್ಥವಾಯಿತು. ಚಹಾ ಅಂಗಡಿಯವನು, “ಬೈತಾ ಇದ್ದಾರೆ,” ಎಂದು ಡಾಕ್ಟರಿಗೆ ವಿವರಿಸಿದ. ಅಕ್ಕ ಗುಂಡಿ ಒತ್ತುತ್ತಲೇ ಇನ್ನೊಂದು ಕೈಯನ್ನು ಚಾಚಿ ಮೇಜಿನ ಕಡೆಗೆ ತೋರಿಸುತ್ತಿದ್ದಳು. ಕಾರಿನ ಮೂತಿ ಇರಬೇಕಾದಲ್ಲಿ ಬಾಲ ಇತ್ತು.

ಭಾವ ಹಿಂದೆ ತಿರುಗಿ ಮೇಜನ್ನು ನೋಡಿದರು, ಪಕ್ಕದ ಗೋಡೆಯನ್ನು ನೋಡಿದರು, ಹಣೆ ಹಣೆ ಬಡಿದುಕೊಂಡರು. ಲಾರಿಯವನು ಬಾಲ ಮುಂದಾಗಿ ನೂಕಿದ್ದ ಕಾರು ಅದು. ಮನೆಯ ಗೋಡೆ ಈ ಸಲ ಅದರ ಬಲಕ್ಕಿತ್ತು. ಪಟ್ಟಿಯ ಮೇಲೆ ಬರೆದ ‘ಮನೆ’ಯನ್ನು ನಂಬಿ ಎಡದ ತಂತಿಯನ್ನು ಬಲದ ದೀಪಕ್ಕೆ, ಬಲದ್ದನ್ನು ಎಡಕ್ಕೆ ಕೊಟ್ಟಿದ್ದರು. ಹಾಗೆಯೇ ರಸ್ತೆಗೆ ಬಿಟ್ಟಿದ್ದರೆ ಡಾಕ್ಟರು ಎಡಕ್ಕೆ ತಿರುಗುವಾಗಲೆಲ್ಲ ಹಿಂದಿನವರಿಗೆ ಬಲಕ್ಕೆ ಎಂದು ಹೇಳುತ್ತ ಹೋಗುತ್ತಿದ್ದರು. ಬೇರೆ ಯಾವ ಗ್ಯಾರೇಜಿನಲ್ಲೂ ಆಗದ ತಪ್ಪು. ನೋಡುತ್ತಿದ್ದ ನಾವೆಲ್ಲ ಸರಿ ಎಂದು ನಿಂತಿದ್ದೆವು, ಅವಳಿಗೆ ಮಾತ್ರ ತಿಳಿಯಿತು.

ಹಾರ್ನು ನಿಂತಿತು. ಅಕ್ಕ ಏದುಸಿರು ಬಿಡುತ್ತಿದ್ದಳು, ಕುತ್ತಿಗೆಯ ಬಟ್ಟೆ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಇನ್ನು ಭಾವ ಇಳಿದು ಬಂದು ತಂತಿಗಳನ್ನು ಅದಲುಬದಲು ಮಾಡುತ್ತಾರೆ ಎಂದು ನಾನು ದೀಪದ ತಿರುಪು ಬಿಚ್ಚುವ ಉಪಕರಣ ಹುಡುಕಿ ಕೈಯಲ್ಲಿ ಹಿಡಿದು ಕಾದೆ. ಅವರು ಇಳಿಯಲಿಲ್ಲ. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಕೆನ್ನೆ ಪೂರ್ತಿ ಒದ್ದೆಯಾಗಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಿರಲಿಲ್ಲ. ತಪ್ಪು ಎಲ್ಲಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಾಗಿತ್ತು.

ಆದರೂ ಸ್ವಿಚ್ಚನ್ನು ಮತ್ತೆ ಅದೇ ಕಡೆಗೆ ತಿರುಗಿಸಿ, “ಮನೆ,” ಎಂದು ಕೂಗಿ, ಬೈಸಿಕೊಳ್ಳಲು ಕಾದು ಕೂತರು.